ನಾಲ್ಕು ಸಾವಿರ ಅಡಿ ಸ್ಟಾಲ್

ಮೂವತ್ತನಾಲ್ಕು ವರ್ಷ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಓದಿದವನು, ಅರ್ಜಿ ತಿದ್ದಿದವನು, ಅರ್ಜಿ ವಾಪಸು ಕಳಿಸಿದವನು ನಾನು. ನನ್ನ ಕೈಯಿಂದ ಹೋದ ಕಾಗದದಲ್ಲಿ ಒಂದು ಒತ್ತಕ್ಷರ ತಪ್ಪಿದ್ದನ್ನು ಯಾವ ತಹಶೀಲ್ದಾರರೂ ತೋರಿಸಲಿಲ್ಲ. ಅಂಥ ಮಹಾಲಿಂಗಯ್ಯನಾದ ನಾನು, ನಿವೃತ್ತನಾದ ಎರಡನೇ ವರ್ಷದಲ್ಲಿ, ಆಕಾಶದಲ್ಲಿ ಹಾಸಿಗೆ ಅಂಗಡಿ ಇಡಲು ಅನುಮತಿ ಕೋರಿ ಅರ್ಜಿ ಬರೆದುಕೊಟ್ಟೆ. ಅದನ್ನು ನೆನೆದರೆ ಈಗಲೂ ನನಗೆ ಊಟ ಸೇರುವುದಿಲ್ಲ.

ತಪ್ಪು ನನ್ನದಲ್ಲ, ಸರ್ದಾರ್ ಪಾಷಾ ಸಾಬರದು. ಸಾಬರು ತುಮಕೂರಿನಲ್ಲಿ ನಮ್ಮ ಮನೆಯ ಎದುರಿಗೇ ಹಾಸಿಗೆ ಅಂಗಡಿ ಇಟ್ಟವರು. ಹತ್ತಿ ಹಿಂಜುವ ಯಂತ್ರ, ಹೊಲಿಗೆ, ದಿಂಬು, ಲೋಡು, ಇಷ್ಟೇ ಅವರ ಪ್ರಪಂಚ. ಅವರ ಪರ್ಸಿನಲ್ಲಿ ಇಪ್ಪತ್ತು ವರ್ಷದಿಂದ ಕಾರಿನ ಲೈಸೆನ್ಸಿದೆ, ಆದರೆ ಕಾರು ಓಡಿಸಿದ್ದು ಪರೀಕ್ಷೆಯ ದಿನ ಒಂದೇ. ಲೈಸೆನ್ಸ್ ಎನ್ನುವುದು ಪರ್ಸಿನಲ್ಲಿಟ್ಟುಕೊಂಡು ನೆಮ್ಮದಿಯಾಗಿರಲು ಸರ್ಕಾರ ಕೊಡುವ ಕಾಗದ ಎಂದು ಅವರು ನಂಬಿದ್ದರು. ಆದ್ದರಿಂದ ಅವರ ಒಬ್ಬಳೇ ಮಗಳು ಐಮನ್, ಕಾಲೇಜಿನಲ್ಲಿ ಎನ್‌ಸಿಸಿ ಸೇರಿ, ಎಲ್ಲಿಂದಲೋ ಸ್ಕಾಲರ್‌ಶಿಪ್ ಹಿಡಿದು, ಪ್ರೈವೇಟ್ ಪೈಲಟ್ ಲೈಸೆನ್ಸ್ ತಂದಾಗ ಸಾಬರು ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ಹೊಡೆಸಿ, ಕಥೆ ಮುಗಿಯಿತು ಎಂದುಕೊಂಡರು.

ಬೀದಿಗೆ ಬೀದಿಯೇ ಬಂದು ನೋಡಿಹೋಯಿತು. ಹೂವು ಮಾರುವ ಪುಟ್ಟತಾಯಮ್ಮ ಮಾತ್ರ ಕೆನ್ನೆಗೆ ಕೈಕೊಟ್ಟು ನಿಂತುಬಿಟ್ಟಳು.

"ಪ್ರೈವೇಟಾ? ಗೌರ್ಮೆಂಟಲ್ಲಿ ಸಿಗ್ನಿಲ್ವಾ, ಪಾಪ! ಅಮೃತೂರು ಪ್ರೈವೇಟ್ ಬಸ್ಸು ನಾನ್ ನೋಡಿಲ್ವಾ? ಟಾಪ್ ಮ್ಯಾಲೂ ಜನಾನ ಹತ್ತಿಸ್ಕತ್ತಾರೆ. ನೀನು ಮಾತ್ರ ಟಾಪ್ ಮ್ಯಾಲೆ ಯಾರ್ನೂ ಹತ್ತಿಸ್ಕಬ್ಯಾಡ ಕಣವ್ವ."

ಐಮನ್ ನಗದೆ, "ಇಲ್ಲ ಪುಟ್ಟತಾಯಮ್ಮ, ಹತ್ತಿಸ್ಕೊಳ್ಳಲ್ಲ," ಎಂದು ಮಾತು ಕೊಟ್ಟಳು. ಆ ಹುಡುಗಿಯೇ ಹಾಗೆ, ಕೊಟ್ಟ ಮಾತಿಗೆ ತಪ್ಪುವವಳಲ್ಲ. ತರಬೇತಿಗೆ ಸೇರುವಾಗ ಅಪ್ಪನಿಗೂ ಒಂದು ಮಾತು ಕೊಟ್ಟಿದ್ದಳು: "ಅಬ್ಬಾ, ನೀವು ಬೇಡ ಅಂದ ದಿನ ಬಿಟ್ಬಿಡ್ತೀನಿ. ಯಾಕೆ ಅಂತಾನೂ ಕೇಳಲ್ಲ."

ಅಂದಿನಿಂದ ಆ 'ಬೇಡ' ಎಂಬ ಎರಡಕ್ಷರ ಸಾಬರ ಗಂಟಲಿನಲ್ಲೇ ಇತ್ತು. ಅವರ ಹೆಂಡತಿ ಹಜರಾ ಬೀ ದಿನಕ್ಕೆರಡು ಸಲ, "ಹೇಳಿಬಿಡಿ, ಒಂದು ಮಾತು ಹೇಳಿಬಿಡಿ, ಲೈಸೆನ್ಸ್ ಬಂತಲ್ಲ," ಎಂದು ತಿವಿಯುತ್ತಿದ್ದರು. ಸಾಬರು, "ನಾಳೆ ಹೇಳ್ತೀನಿ," ಎನ್ನುತ್ತಿದ್ದರು. ಮಗಳು ತಾನಾಗಿಯೇ ಬೇಸತ್ತು ಬಂದು ಅಂಗಡಿಯ ಗಲ್ಲಾದ ಮುಂದೆ ಕೂತರೆ ಆ ಮಾತು ಆಡುವ ಕಷ್ಟವೇ ಇಲ್ಲ ಎಂಬುದು ಅವರ ಒಳಗಿನ ಆಸೆ. ಅದನ್ನು ನನ್ನೊಬ್ಬನಿಗೆ ಹೇಳಿದ್ದರು.

ಹೀಗಿರುವಾಗ ಒಂದು ಸೋಮವಾರ ನಾನು ಸಾಬರ ಅಂಗಡಿಯಲ್ಲಿ ಪೇಪರ್ ಓದುತ್ತ ಕುಳಿತಿದ್ದೆ. ಐಮನ್ ಬಂದು ಅಪ್ಪನ ಎದುರು ಒಂದು ದಿಂಬಿನ ಮೇಲೆ ಕುಳಿತಳು.

"ಅಬ್ಬಾ, ಲೈಸೆನ್ಸೇನೋ ಬಂತು. ಆದ್ರೆ ಇಷ್ಟು ದಿನ ಅದೇ ವಿಮಾನ, ಅದೇ ಮೈದಾನ, ಬೆಳಗಿನ ಅದೇ ತಣ್ಣನೆ ಗಾಳಿ. ನೀವೇ ಹೇಳಿ, ಒಂದೇ ಸೈಜಿನ ದಿಂಬು ಸಾವಿರ ಹೊಲ್ದೋನಿಗೆ ಡಬಲ್ ಹಾಸಿಗೆ ಕೊಟ್ರೆ ಹೊಲೀತಾನಾ?"

"ಎಲ್ಲಿ ಹೊಲೀತಾನೆ? ನಾಲ್ಕು ಮೂಲೇನೂ ಹಾಳು ಮಾಡಿ ಇಡ್ತಾನೆ."

"ನನ್ನ ಕಥೆನೂ ಅದೇ. ಬೇರೆ ಬೇರೆ ಅನುಭವ ಆಗ್ಬೇಕು. ಎಲ್ಲಕ್ಕಿಂತ ಮೊದ್ಲು ಸ್ಟಾಲ್ ಮಾಡ್ಬೇಕು. ಟ್ರೈನಿಂಗಲ್ಲಿ ಒಂದೆರಡು ಮಾಡ್ಸಿದ್ರು, ಅದು ಸಾಲದು. ಈ ಶನಿವಾರ ಹಾಗಲವಾಡಿ ರೋಡ್ ಮೈದಾನದಲ್ಲಿ ಮಾಡೋಣ ಅಂತ ಮೋನಿಕಾ ಮೇಡಂ ಹೇಳಿದಾರೆ. ನೀವು ಬೇಡ ಅಂದ್ರೆ ಬಿಡ್ತೀನಿ."

ಈಗ ಓದುಗರು ನ್ಯಾಯವಾಗಿ ಯೋಚಿಸಬೇಕು. ತುಮಕೂರಿನಲ್ಲಿ ಹುಟ್ಟಿ ಬೆಳೆದವನ ಕಿವಿಗೆ 'ಸ್ಟಾಲ್' ಎಂದು ಬಿದ್ದರೆ ಅವನಿಗೆ ಏನು ಕಾಣಬೇಕು? ವಸ್ತುಪ್ರದರ್ಶನ ಕಾಣುತ್ತದೆ. ಹಪ್ಪಳದ ಸ್ಟಾಲ್, ಬಳೆ ಸ್ಟಾಲ್, ಒಂದು ಮೂಲೆಯಲ್ಲಿ ಹಾಸಿಗೆ ಸ್ಟಾಲ್ ಕಾಣುತ್ತದೆ. ನನಗೂ ಅದೇ ಕಂಡಿತು. ಮೋನಿಕಾ ಮೇಡಂ ಯಾರೋ ವ್ಯಾಪಾರದ ತರಬೇತಿ ಕೊಡುವ ಹೆಂಗಸು ಎಂದುಕೊಂಡೆ.

ಸಾಬರ ಕಣ್ಣಲ್ಲಿ ನೀರು ಬಂತು. "ಬೇಡ ಅಂತೀನಾ ಬೇಟಾ? ಮಾಡು! ಒಂದಲ್ಲ, ಹತ್ತು ಮಾಡು!"

ಐಮನ್ ದಂಗಾಗಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. "ಅಬ್ಬಾ, ನಿಮ್ಗೆ ಭಯ ಆಗಲ್ವಾ?"

"ಸ್ಟಾಲ್‌ಗೆ ಎಂಥ ಭಯ? ನಿಮ್ಮ ತಾತ ಯಡಿಯೂರಲ್ಲಿ ಮೂರು ದಿನ ಸ್ಟಾಲ್ ಮಾಡಿದ್ರು. ಮಳೇಲಿ!"

ಅಪ್ಪ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಹುಡುಗಿ ನಕ್ಕು ಅವರ ಕೈಗೆ ಮುತ್ತಿಟ್ಟು ಹೋದಳು. ಸಾಬರು ನನ್ನ ಕಡೆ ತಿರುಗಿ, "ನೋಡಿದ್ರಾ ಮಹಾಲಿಂಗಯ್ನೋರೆ, ಬೇಡ ಅನ್ನೋದೇ ಬೇಕಾಗ್ಲಿಲ್ಲ. ವ್ಯಾಪಾರ ರಕ್ತದಲ್ಲಿತ್ತು," ಎಂದರು. ನಾನೂ ಇತ್ತು ಎಂದೆ.

ಮರುದಿನ ಮಧ್ಯಾಹ್ನ ಅವರ ಮನೆಯಲ್ಲಿ ಊಟದ ಹೊತ್ತಿಗೆ ವಿಚಾರಣೆ ನಡೆಯಿತು. ಮನೆಯೊಳಗೆ ಅವರ ಮಾತು ಉರ್ದುವಿನಲ್ಲಿ. ಆದರೆ ನಾನಿದ್ದರೆ ಮರ್ಯಾದೆಗೆ ಕನ್ನಡಕ್ಕೆ ಬರುತ್ತಾರೆ.

"ಎಷ್ಟು ಅಡಿ ಬೇಕಾಗುತ್ತೆ ಬೇಟಾ?" ಎಂದರು ಸಾಬರು.

"ನಾಲ್ಕು ಸಾವಿರ ಅಡಿ ಆದ್ರೂ ಬೇಕು ಅಬ್ಬಾ. ಕಮ್ಮಿ ಆದ್ರೆ ಮೇಡಂ ಒಪ್ಪಲ್ಲ."

ಸಾಬರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅವರ ಅಂಗಡಿ ಇರುವುದೇ ನೂರೆಂಬತ್ತು ಅಡಿ, ಅದರಲ್ಲಿ ಅರ್ಧ ಹತ್ತಿ.

"ಅಷ್ಟು ಯಾರು ಕೊಡ್ತಾರೆ?"

"ಕಂಟ್ರೋಲ್‌ನೋರು. ಕೇಳಿದ್ರೆ ಕೊಡ್ತಾರೆ."

"ಬಾಡಿಗೆ?"

"ಅದಕ್ಕೆಂಥ ಬಾಡಿಗೆ ಅಬ್ಬಾ! ಒಟ್ಟು ಆರು ಸ್ಟಾಲ್. ಮೊದ್ಲು ಪವರ್ ಆಫ್ ಸ್ಟಾಲ್, ಆಮೇಲೆ ಪವರ್ ಆನ್ ಸ್ಟಾಲ್, ಕೊನೇಲಿ ಸ್ಪಿನ್."

ಹಜರಾ ಬೀ ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ಅಲ್ಲಿ ಪವರ್ ಹೋಗುತ್ತಾ?"

"ಹೋಗಲ್ಲ ಅಮ್ಮಿ, ನಾವೇ ತೆಗೀತೀವಿ."

"ಇರೋ ಕರೆಂಟ್ ನೀವೇ ಯಾಕೇ ತೆಗೀತೀರಾ?"

"ಪವರ್ ಇಲ್ದಾಗ ಹೆಂಗೆ ನಿಭಾಯಿಸ್ತೀನಿ ಅನ್ನೋದನ್ನೇ ಮೇಡಂ ನೋಡೋದು," ಎಂದು ಐಮನ್ ಕೈ ತೊಳೆದು ಸ್ಕೂಟರ್ ಹತ್ತಿ ಹೊರಟುಹೋದಳು.

ಮೂವರೂ ಮುಖ ಮುಖ ನೋಡಿಕೊಂಡೆವು. ಬಾಡಿಗೆಯಿಲ್ಲದೆ ನಾಲ್ಕು ಸಾವಿರ ಅಡಿ ಕೊಟ್ಟು, ಆಮೇಲೆ ಬೇಕೆಂದೇ ಕರೆಂಟು ತೆಗೆದು ವ್ಯಾಪಾರಿಯ ಕೈಚಳಕ ನೋಡುವ ಪರೀಕ್ಷೆಯನ್ನು ನಾನು ನನ್ನ ಸರ್ವೀಸಿನಲ್ಲೇ ಕೇಳಿರಲಿಲ್ಲ. ಕೊನೆಯಲ್ಲಿ ಸ್ಪಿನ್ ಎಂದರೆ ಗಿರಾಕಿಗಳು ಚಕ್ರ ತಿರುಗಿಸಿ ಬಹುಮಾನ ಗೆಲ್ಲುವುದು, ಅದು ಎಲ್ಲರಿಗೂ ಗೊತ್ತಿರುವುದೇ.

"ಮಗು ಫೇಲಾಗಬಾರದು," ಎಂದು ಸಾಬರು ಎಡಗೈಯಲ್ಲೇ ಫೋನೆತ್ತಿ ಕುಣಿಗಲ್ಲಿಗೆ ಹಚ್ಚಿದರು. ಹಜರಾ ಬೀಯವರ ತಮ್ಮ ಸಯೀದ್ ಅಲ್ಲಿ ಶಾಮಿಯಾನ, ಜನರೇಟರ್ ಬಾಡಿಗೆಗೆ ಕೊಡುವವನು. ಅವನ ಗಂಟಲು ಎಂಥದ್ದೆಂದರೆ ಸ್ಪೀಕರ್ ಹಾಕದಿದ್ದರೂ ನಮಗೆಲ್ಲ ಕೇಳಿಸಿತು.

"ನಾಲ್ಕು ಸಾವಿರ ಅಡಿನಾ! ದುಲ್ಹಾಭಾಯಿ, ಮದುವೆಗೂ ನಾನು ಅಷ್ಟು ಶಾಮಿಯಾನ ಹಾಕಿಲ್ಲ! ಸ್ಟಾಲಾ, ಇಲ್ಲಾ ಊರಿಗೆ ಊರೇ ಮುಚ್ತಾ ಇದೀರಾ?"

"ಇರೋದೆಲ್ಲಾ ತಗೊಂಡ್ಬಾ. ದೊಡ್ಡ ಜನರೇಟರ್ ತಗೊಂಡ್ಬಾ. ತಿರುಗೋ ಚಕ್ರ ಒಂದು ಬೇಕು."

"ಮಗು ಸ್ಟಾಲ್‌ಗೆ ಮಾಮು ಇಲ್ದೆ ಆಗುತ್ತಾ? ಶನಿವಾರ ಬೆಳಗ್ಗೇನೇ ಬರ್ತೀನಿ."

ಈ ವಿಷಯ ಐಮನ್‌ಗೆ ತಿಳಿಯಬಾರದು, ಅಂದು ಬಂದು ನಿಂತು ಬೆರಗುಗೊಳಿಸಬೇಕು ಎಂದು ತೀರ್ಮಾನವಾಯಿತು. ಇಲ್ಲಿ ನಾನು ಬಾಯಿ ಹಾಕಬಾರದಾಗಿತ್ತು. ಆದರೆ ಮೂವತ್ತನಾಲ್ಕು ವರ್ಷದ ಚಾಳಿ. "ಸಾಬ್ರೇ, ನಾಲ್ಕು ಸಾವಿರ ಅಡಿ ಅಂದ್ಮೇಲೆ ಬಾಯಿಮಾತಲ್ಲಿ ಹೋಗಬಾರದು. ಕಾಗದ ಇರಲಿ," ಎಂದೆ. ಕಾಗದ ತರಿಸಿ ಅಲ್ಲೇ ಬರೆದೆ. 'ಹಾಗಲವಾಡಿ ರಸ್ತೆಯ ಮೈದಾನದಲ್ಲಿ ದಿನಾಂಕ ಇಷ್ಟನೇ ಶನಿವಾರ ನಾಲ್ಕು ಸಾವಿರ ಅಡಿಗಳಲ್ಲಿ ಕು. ಐಮನ್ ಇವರು ಸ್ಟಾಲ್ ಮಾಡಲಿದ್ದು, ಸದರಿ ಸ್ಥಳದಲ್ಲಿ ಹಾಸಿಗೆ ದಿಂಬುಗಳನ್ನು ಇಡಲು ಅನುಮತಿ ನೀಡಬೇಕಾಗಿ ಪ್ರಾರ್ಥನೆ.' ಅಕ್ಷರ ಮುತ್ತಿನಂತೆ ಬಂದಿತ್ತು.

ಗುರುವಾರ ನಾವಿಬ್ಬರೂ ಗುಬ್ಬಿ ದಾಟಿ, ಆ ಮೈದಾನ ಸೇರಿದ ಪಂಚಾಯಿತಿ ಕಚೇರಿಗೆ ಹೋದೆವು. ಕಾರ್ಯದರ್ಶಿ ಅಂಜನಮೂರ್ತಿ ಒಳ್ಳೆಯ ಮನುಷ್ಯ. ಅರ್ಜಿಯನ್ನು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿದರು.

"ನಾಲ್ಕು ಸಾವಿರ ಅಡಿ! ನಮ್ ಆಫೀಸಿಗೆ ಒಂದು ಮಾತು ಹೇಳ್ದಂಗೆ? ತಡೀರಿ, ಆ ಮೈದಾನ ಯಾವುದೋ ಕ್ಲಬ್‌ನೋರದು. ಅಲ್ಲಿ ಮ್ಯಾನೇಜರ್ ಲಕ್ಷ್ಮೀನರಸಿಂಹಯ್ಯ ಅಂತ ಇದಾರೆ." ಅವರು ಫೋನ್ ಸ್ಪೀಕರ್‌ಗೆ ಹಾಕಿದರು. "ಸಾರ್, ಶನಿವಾರ ನಿಮ್ ಮೈದಾನದಲ್ಲಿ ಐಮನ್ ಅನ್ನೋರು ಸ್ಟಾಲ್ ಮಾಡ್ತಾರಂತೆ, ನಿಜವಾ?"

"ಹೌದು ಸಾರ್. ಬೆಳಗ್ಗೆ ಒಂಬತ್ತಕ್ಕೆ. ಯಾಕೆ?"

"ಪರ್ಮಿಷನ್ ಇದೆಯಾ?"

"ಏನ್ ಸಾರ್ ಹಿಂಗ್ ಕೇಳ್ತೀರಾ? ನಮ್ದು ಎಲ್ಲಾ ಪರ್ಮಿಷನ್ನೂ ಡೆಲ್ಲಿದು. ಡೆಲ್ಲೀಲಿ ಒಪ್ದೆ ನಾವು ಇಲ್ಲಿ ಒಂದ್ ಇಂಚು ಅಲ್ಲಾಡಂಗಿಲ್ಲ."

ಫೋನ್ ಇಟ್ಟ ಅಂಜನಮೂರ್ತಿ ಕುರ್ಚಿಯಿಂದ ಎದ್ದು ನಿಂತರು. ಸಾಬರಿಗೆ ತಮ್ಮದೇ ಕುರ್ಚಿ ಕೊಟ್ಟು, ಟೀ ತರಿಸಿ, "ಹಾಸಿಗೆಗೆ ಡೆಲ್ಲಿ ಪರ್ಮಿಷನ್ನು! ಎಕ್ಸ್‌ಪೋರ್ಟ್ ಇರ್ಬೇಕು. ದಯವಿಟ್ಟು ನಮ್ ಮನೇಗೊಂದು ಡಬಲ್ ಹಾಸಿಗೆ ತೆಗೆದಿಡಿ," ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಸಾಬರು ಒಂದು ಮಾತೂ ಆಡಲಿಲ್ಲ. ಗುಬ್ಬಿ ಬಂದಾಗ ಒಂದು ಸಲ "ಡೆಲ್ಲಿ" ಎಂದರು, ಅಷ್ಟೆ.

ಶನಿವಾರ ಐಮನ್ ಬೆಳಕು ಹರಿಯುವಾಗಲೇ ಸ್ಕೂಟರಿನಲ್ಲಿ ಹೊರಟುಹೋದಳು. ಅವಳ ಹಿಂದೆ ಒಂದು ಗಂಟೆ ಬಿಟ್ಟು ನಮ್ಮ ದಂಡು ಹೊರಟಿತು. ಮುಂದಿನ ಟೆಂಪೋದಲ್ಲಿ ಹದಿನಾಲ್ಕು ಡಬಲ್ ಹಾಸಿಗೆ, ಎಂಟು ಸಿಂಗಲ್ ಹಾಸಿಗೆ, ಲೆಕ್ಕವಿಲ್ಲದಷ್ಟು ದಿಂಬು, ನಾನು, ಸಾಬರು, ಹಜರಾ ಬೀ. ಹಿಂದಿನ ಟೆಂಪೋದಲ್ಲಿ ಸಯೀದ್, ಅವನ ನಾಲ್ಕು ಜನ ಆಳುಗಳು, ಶಾಮಿಯಾನದ ಕಂಬ, ಜನರೇಟರ್, ಬಣ್ಣ ಬಳಿದ ಬಹುಮಾನದ ಚಕ್ರ.

ಮೈದಾನದ ಗೇಟಿನಲ್ಲಿ ಕಾವಲಿನವನು ತಡೆದ. "ಐಮನ್ ಸ್ಟಾಲ್‌ಗೆ ಬಂದಿದೀವಪ್ಪಾ, ಮನೆಯೋರು," ಎಂದರು ಸಾಬರು.

"ಓ, ಐಮನ್ ಮೇಡಂ ಸ್ಟಾಲಾ? ಹೋಗಿ ಹೋಗಿ. ಅವ್ರಾಗ್ಲೇ ಮೇಲೆ ಹೋದ್ರು."

ಒಳಗೆ ಹೋಗಿ ನೋಡಿದರೆ ಮೇಲೆ ಎನ್ನುವಂಥದ್ದು ಏನೂ ಇರಲಿಲ್ಲ. ಒಂದು ತಗಡಿನ ಶೆಡ್ಡು, ಒಂದು ಸಣ್ಣ ಆಫೀಸು, ಅದರ ಮುಂದೆ ಉದ್ದಕ್ಕೆ ಹುಲ್ಲು ಕತ್ತರಿಸಿದ ಬಯಲು. ಬೇರೆ ಒಂದೇ ಒಂದು ಸ್ಟಾಲ್ ಇಲ್ಲ, ಜನವೂ ಇಲ್ಲ. ಆಫೀಸಿನ ಮುಂದೆ ಒಬ್ಬರು ಕೈಯಲ್ಲಿ ವಾಕಿಟಾಕಿ ಹಿಡಿದು ಆಕಾಶ ನೋಡುತ್ತ ನಿಂತಿದ್ದರು. ಮ್ಯಾನೇಜರ್ ಲಕ್ಷ್ಮೀನರಸಿಂಹಯ್ಯ ಅವರೇ.

"ಐಮನ್ ತಂದೆನಾ ಸಾರ್? ಬನ್ನಿ, ಸರಿಯಾದ ಟೈಮಿಗೆ ಬಂದ್ರಿ. ಈಗ ಸ್ಟಾಲ್ ಆಗುತ್ತೆ ನೋಡಿ."

"ಎಲ್ಲಿ ಸಾರ್?"

"ಮೇಲೆ. ನೇರ ನೋಡಿ. ನಾಲ್ಕು ಸಾವಿರ ಅಡಿಯಲ್ಲಿದಾರೆ. ಮೋನಿಕಾ ಮೇಡಂ ಪಕ್ಕದಲ್ಲಿ ಕೂತಿದಾರೆ, ಓಡಿಸ್ತಿರೋದು ನಿಮ್ಮ ಮಗಳೇ."

ನಾವೆಲ್ಲ ಒಟ್ಟಿಗೆ ತಲೆ ಎತ್ತಿದೆವು. ನೀಲಿಯಲ್ಲಿ ಒಂದು ಪುಟ್ಟ ಬಿಳಿ ವಿಮಾನವಿತ್ತು. ನೋಡುನೋಡುತ್ತಿದ್ದಂತೆ ಅದು ಮೂತಿ ಮೇಲೆತ್ತಿತು. ಗುಂಯ್ ಎನ್ನುತ್ತಿದ್ದ ಸದ್ದು ನಿಂತೇಹೋಯಿತು. ಒಂದು ಕ್ಷಣ ಅದು ಅಲ್ಲೇ ಇತ್ತು, ಆಮೇಲೆ ಮೂತಿ ಕೆಳಗೆ ಹಾಕಿ ಬಿತ್ತು.

"ಪವರ್ ಆಫ್ ಸ್ಟಾಲ್," ಎಂದರು ಮ್ಯಾನೇಜರ್, ಸಂತೋಷವಾಗಿ.

ನಾನು ಬರೆದ ಅರ್ಜಿ ಸಾಲು ಸಾಲಾಗಿ ಕಣ್ಣ ಮುಂದೆ ಬಂತು. ನಾಲ್ಕು ಸಾವಿರ ಅಡಿಗಳಲ್ಲಿ. ಸದರಿ ಸ್ಥಳದಲ್ಲಿ. ಹಾಸಿಗೆ ದಿಂಬುಗಳನ್ನು ಇಡಲು. ವಿಮಾನ ಸಾವರಿಸಿಕೊಂಡು ಮತ್ತೆ ಗುಂಯ್ ಎಂದು ಮೇಲೆ ಹೋಯಿತು. ಮತ್ತೆ ಮೂತಿ ಎತ್ತಿತು, ಮತ್ತೆ ಬಿತ್ತು. ಹೀಗೆ ಆರು ಸಲ. ಪ್ರತಿ ಸಲವೂ ಸಾಬರು ಮೊಣಕಾಲು ಬಗ್ಗಿಸಿ ಅದರ ಜೊತೆಗೇ ಕೆಳಗೆ ಕೂತು, ಅದರ ಜೊತೆಗೇ ಎದ್ದರು.

"ಮುಗೀತಾ?" ಎಂದರು ಹಜರಾ ಬೀ, ಕಣ್ಣು ಮುಚ್ಚಿಕೊಂಡೇ.

"ಸ್ಪಿನ್ ಇದೆಯಲ್ಲಮ್ಮಾ," ಎಂದರು ಮ್ಯಾನೇಜರ್.

ಸಯೀದ್ ಅಷ್ಟೊತ್ತಿಗೆ ಬಹುಮಾನದ ಚಕ್ರವನ್ನು ಟೆಂಪೋದಿಂದ ಇಳಿಸಿ ಎದೆಗೆ ಅಪ್ಪಿಕೊಂಡು ನಿಂತಿದ್ದ. ಸ್ಪಿನ್ ಎಂಬ ಮಾತು ಕೇಳಿ ಅಭ್ಯಾಸಬಲದಿಂದ, "ಎಲ್ಲಿ ಇಡ್ಲಿ?" ಎಂದ. ಅದೇ ಹೊತ್ತಿಗೆ ಮೇಲೆ ವಿಮಾನ ಒಂದು ಪಕ್ಕಕ್ಕೆ ಮಗುಚಿ, ಗಿರ ಗಿರ ತಿರುಗುತ್ತ ಕೆಳಗೆ ಬರತೊಡಗಿತು. ಚಕ್ರ ಅವನ ಕೈಜಾರಿ ಉರುಳಿಕೊಂಡು ಹೋಯಿತು. ಹಜರಾ ಬೀ ಕುಸಿದು ಕುಳಿತರು. ಮ್ಯಾನೇಜರ್ ಗಾಬರಿಯಾಗಿ ನೀರು ತರಲು ಒಳಗೆ ಓಡಿದರು. ಎರಡು ಸುತ್ತು ತಿರುಗಿದ ವಿಮಾನ ನೆಟ್ಟಗಾಗಿ ತನ್ನ ಪಾಡಿಗೆ ದೂರ ಹೋದದ್ದನ್ನು ನಾನು ನೋಡಿದೆ, ಸಾಬರು ನೋಡಲಿಲ್ಲ. ಅವರ ತಲೆಯಲ್ಲಿ ವಿಮಾನ ಬೀಳುತ್ತಲೇ ಇತ್ತು.

"ಹಾಸಿಗೆ ಇಳಿಸ್ರೋ!" ಎಂದು ಚೀರಿದರು. ಅಂಥ ಧ್ವನಿ ಅವರಿಗಿದೆ ಎಂದು ನನಗೆ ಇಪ್ಪತ್ತು ವರ್ಷದಲ್ಲಿ ಗೊತ್ತಿರಲಿಲ್ಲ. "ಎಲ್ಲಾ ಹಾಸಿಗೆ ಇಳಿಸ್ರೋ! ಮಗು ಬೀಳ್ತೈತೆ!"

ಸಯೀದ್, ಅವನ ನಾಲ್ಕು ಆಳು, ಇಬ್ಬರು ಡ್ರೈವರ್, ಎಲ್ಲರೂ ಒಂದೊಂದು ಹಾಸಿಗೆ ತಲೆಯ ಮೇಲೆ ಹೊತ್ತು ಬಯಲಿಗೆ ಓಡಿದರು. ನಿವೃತ್ತ ಶಿರಸ್ತೇದಾರನಾದ ನಾನೂ ಎರಡು ದಿಂಬು ಹಿಡಿದು ಓಡಿದೆ ಎಂದು ಹೇಳಲು ನನಗೆ ನಾಚಿಕೆಯಿದೆ. ಡಬಲ್ ಹಾಸಿಗೆ ನಡುವೆ, ಸಿಂಗಲ್ ಅಂಚಿಗೆ, ಸಂದಿಗಳಲ್ಲಿ ದಿಂಬು. ಎಷ್ಟಾದರೂ ಕಸುಬುದಾರರು, ಹತ್ತು ನಿಮಿಷದಲ್ಲಿ ಬಯಲಿನ ನಡುಮಧ್ಯೆ ಒಂದು ಸುಕ್ಕಿಲ್ಲದಂತೆ ಹಾಸಿಬಿಟ್ಟರು.

ನೀರು ಕುಡಿಸಿ, ಗಾಳಿ ಬೀಸಿ ಮ್ಯಾನೇಜರ್ ಇತ್ತ ತಿರುಗಿದರು. ತಂಬಿಗೆ ಅವರ ಕೈಯಿಂದ ಬಿತ್ತು. ವಾಕಿಟಾಕಿಯಲ್ಲಿ ಹೆಂಗಸಿನ ಧ್ವನಿ ಬಂತು, ಮೋನಿಕಾ ಮೇಡಂದು.

"ಲ್ಯಾಂಡಿಂಗ್‌ಗೆ ಬರ್ತಾ ಇದೀವಿ. ರನ್‌ವೇ ಮೇಲೆ ಏನ್ರೀ ಅದು?"

"ಹಾಸಿಗೆ ಮೇಡಂ."

ಸ್ವಲ್ಪ ಹೊತ್ತು ಬರೀ ಕರಕರ ಸದ್ದು. "ಏನಂದ್ರಿ?"

"ಹಾಸಿಗೆ ಮೇಡಂ. ಡಬಲ್ ಹದಿನಾಲ್ಕು, ಸಿಂಗಲ್ ಎಂಟು. ದಿಂಬು ಎಣಿಸ್ತಾ ಇದೀನಿ."

ವಿಮಾನ ಮರಗಳ ತುದಿಗೆ ಬಂದಿತ್ತು. ಸಾಬರು ಹಾಸಿಗೆಗಳ ನಡುವೆ ನಿಂತು ಒಂದು ದಿಂಬನ್ನು ಎರಡೂ ಕೈಯಲ್ಲಿ ಎತ್ತಿ ಬೀಸಿದರು. "ಇಲ್ಲಿ ಬೇಟಾ! ಇಲ್ಲಿ ಇಳಿ! ಮೆತ್ತಗಿದೆ!" ಎಂಜಿನ್ ಒಮ್ಮೆಲೇ ಮೊರೆಯಿತು. ವಿಮಾನ ನಮ್ಮ ತಲೆಯ ಮೇಲೆ ಹಾದು ಮತ್ತೆ ಮೇಲೇರಿ ಹೋಯಿತು. ಆ ಗಾಳಿಗೆ ಸಾಬರು ಹಾಸಿಗೆಯ ಮೇಲೆ ಅಂಗಾತ ಬಿದ್ದರು.

ಲಕ್ಷ್ಮೀನರಸಿಂಹಯ್ಯನವರು ಓಡಿ ಬಂದರು, ಮುಖ ಕೆಂಪಾಗಿತ್ತು. "ತೆಗೀರಿ! ಮೊದ್ಲು ಇದನ್ನೆಲ್ಲಾ ತೆಗೀರಿ! ಮೇಲೆ ಗಾಳಿ ತಿರುಗ್ತಾ ಇದೆ, ಅವ್ರು ಇಳೀಬೇಕು!"

ಸಾಬರು ಮಲಗಿದಲ್ಲೇ ಹಾಸಿಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನನ್ನ ಮಗಳು ಬರೀ ನೆಲದ ಮೇಲೆ ಬೀಳೋದಾ? ನನ್ನ ಪ್ರಾಣ ಹೋದ್ರೂ ತೆಗೆಯಲ್ಲ."

ಸಯೀದ್ ಬೇಡಿಕೊಂಡ, ನಾನು ಬೇಡಿಕೊಂಡೆ. ಸಾಬರು ಅಲುಗಾಡಲಿಲ್ಲ. ಮೇಲೆ ವಿಮಾನ ಸುತ್ತು ಹಾಕುತ್ತಿತ್ತು. ನನಗೆ ನಿಜವಾದ ಭಯ ಆಗ ಶುರುವಾಯಿತು, ಏಕೆಂದರೆ ಬೀಳದೆ ಇದ್ದ ಹುಡುಗಿಯನ್ನು ಈಗ ಬೀಳಿಸುವವರು ನಾವೇ ಆಗಿದ್ದೆವು. ಕೊನೆಗೆ ಮ್ಯಾನೇಜರ್ ವಾಕಿಟಾಕಿಯನ್ನು ಸಾಬರ ಕಿವಿಗೆ ಹಿಡಿದರು.

"ಅಬ್ಬಾ," ಎಂದಳು ಐಮನ್. ಧ್ವನಿ ಶಾಂತವಾಗಿತ್ತು. "ಹಾಸಿಗೆ ತೆಗೀರಿ ಅಬ್ಬಾ. ವಿಮಾನದ ಚಕ್ರ ಅದರಲ್ಲಿ ಸಿಕ್ಕಾಕೊಂಡ್ರೆ ಮಗುಚಿಕೊಳ್ತೀವಿ. ನಂಗೆ ಗಟ್ಟಿ ನೆಲ ಬೇಕು."

ಮೂವತ್ತು ವರ್ಷದ ವ್ಯಾಪಾರದಲ್ಲಿ ಗಟ್ಟಿ ಬೇಕು ಎಂದವರನ್ನು ಸಾಬರು ಕಂಡಿರಲಿಲ್ಲ. "ಗಟ್ಟಿ ನೆಲಾನಾ?" ಎಂದು ಕೇಳಿದರು. "ಹೂಂ ಅಬ್ಬಾ," ಎಂದಳು. ಸಾಬರು ಎದ್ದರು. ಮೊದಲನೇ ಹಾಸಿಗೆ ಅವರೇ ಸುತ್ತಿ ಹೆಗಲಿಗೆ ಹಾಕಿಕೊಂಡು ಅಳುತ್ತ ಓಡಿದರು. ಅವರ ಹಿಂದೆ ಎಲ್ಲರೂ ಓಡಿದರು.

ಕೊನೆಯ ದಿಂಬು ಎತ್ತಿದ ಮೇಲೆ ವಿಮಾನ ಬಂತು. ಅಷ್ಟೊತ್ತಿಗೆ ಗಾಳಿ ಅಡ್ಡ ಬೀಸುತ್ತಿತ್ತು. ವಿಮಾನ ನೇರವಾಗಿ ಬರದೆ ಸೊಟ್ಟ ಮುಖ ಮಾಡಿಕೊಂಡು ಬಂತು. ಒಂದು ರೆಕ್ಕೆ ತಗ್ಗಿಸಿ, ಮೊದಲು ಒಂದು ಚಕ್ರ ನೆಲಕ್ಕೆ ಮುಟ್ಟಿಸಿ, ಆಮೇಲೆ ಇನ್ನೊಂದನ್ನು ಮುಟ್ಟಿಸಿ ನಿಂತಿತು. ಸಾಬರು ಅದನ್ನು ನೋಡಲಾಗದೆ ನನ್ನ ಭುಜದಲ್ಲಿ ಮುಖ ಇಟ್ಟಿದ್ದರು. ನಾನೇ ಅವರಿಗೆ ಹೇಳಬೇಕಾಯಿತು, ಇಳಿದಳು ಎಂದು.

ಆಫೀಸಿನ ಮುಂದೆ ಎಲ್ಲರೂ ಸೇರಿದೆವು. ಐಮನ್ ಇಳಿದು ಬಂದು ಅಪ್ಪನ ಎದುರು ನಿಂತಳು. ಅವಳ ಹಿಂದೆ ಮೋನಿಕಾ ಮೇಡಂ. ಸಾಬರಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯೊಂದು ಕೇಳುವುದಿತ್ತು.

"ಆರು ಸಲ ಬಿದ್ದೆಯಲ್ಲ, ಅದು ತಾನಾಗೇ ಬಿದ್ದಿದ್ದಾ, ಬೇಕೂಂತ ಬೀಳ್ಸಿದ್ದಾ?"

"ಬೇಕೂಂತಲೇ ಅಬ್ಬಾ. ಅದಕ್ಕೇ ಸ್ಟಾಲ್ ಅನ್ನೋದು. ರೆಕ್ಕೆಗೆ ಗಾಳಿ ಸಾಲದೆ ಬೀಳುತ್ತೆ. ಮುಂದೆ ಯಾವತ್ತಾದ್ರೂ ತಾನಾಗೇ ಬಿದ್ರೆ ಕೈಗೆ ಗೊತ್ತಿರ್ಬೇಕಲ್ಲ. ನೀವು ಒಪ್ಪಿದ್ರಲ್ಲ, ಹತ್ತು ಮಾಡು ಅಂದ್ರಿ?"

ಟೆಂಪೋ ತುಂಬ ಹಾಸಿಗೆ, ಜನರೇಟರ್, ಶಾಮಿಯಾನ ನೋಡಿ ಐಮನ್‌ಗೆ ನಿಧಾನವಾಗಿ ಎಲ್ಲವೂ ಅರ್ಥವಾಯಿತು. ಅವಳ ಮುಖ ಸಣ್ಣದಾಯಿತು. ಅಪ್ಪ ಒಪ್ಪಿದ್ದು ಹಾರುವುದಕ್ಕಲ್ಲ ಎಂದು ಅವಳಿಗೆ ತಿಳಿದ ಆ ಕ್ಷಣವನ್ನು ನೋಡಲು ನನಗೇ ಸಂಕಟವಾಯಿತು.

ಇಷ್ಟರಲ್ಲಿ ಲಕ್ಷ್ಮೀನರಸಿಂಹಯ್ಯನವರು ಒಂದು ಬಿಳಿ ಹಾಳೆ ತಂದು ಮೇಜಿನ ಮೇಲಿಟ್ಟರು. "ನೋಡಿ ಸಾರ್, ರನ್‌ವೇಗೆ ಅಡ್ಡ ಬಂದಿದ್ದು ಸಣ್ಣ ವಿಷಯ ಅಲ್ಲ. ಕಮಿಟಿಗೆ ನಾನು ಉತ್ತರ ಹೇಳ್ಬೇಕು. ಎರಡೇ ದಾರಿ. ಮಗಳ ಹೆಸರು ಕ್ಲಬ್‌ನಿಂದ ತೆಗೆಸ್ತೀನಿ ಅಂತ ಬರ್ಕೊಡಿ. ಇಲ್ಲಾ, ನೀವು ಇನ್ಮೇಲೆ ಈ ಮೈದಾನದೊಳಗೆ ಕಾಲಿಡಲ್ಲ ಅಂತ ಮುಚ್ಚಳಿಕೆ ಬರ್ಕೊಡಿ. ಇವತ್ತೇ, ಈಗಲೇ."

"ಹೆಸರು ತೆಗೆಸಿ," ಎಂದರು ಹಜರಾ ಬೀ. "ಹೇಳಿಬಿಡಿ, ಈಗಾದ್ರೂ ಹೇಳಿಬಿಡಿ."

"ತೆಗೆಸಿ ದುಲ್ಹಾಭಾಯಿ," ಎಂದ ಸಯೀದ್. "ನನ್ನ ಕೈಕಾಲು ಇನ್ನೂ ನನ್ನ ಮಾತು ಕೇಳ್ತಿಲ್ಲ."

ಐಮನ್ ತಲೆ ತಗ್ಗಿಸಿ ನಿಂತಿದ್ದಳು. ಒಂದು ಮಾತೂ ಆಡಲಿಲ್ಲ, ಕಣ್ಣೆತ್ತಿ ಅಪ್ಪನನ್ನು ನೋಡಲೂ ಇಲ್ಲ. ಕೊಟ್ಟ ಮಾತು ಹಾಗಿತ್ತು, ಯಾಕೆ ಅಂತಾನೂ ಕೇಳಲ್ಲ ಎಂದಿದ್ದಳು.

ಸಾಬರು ಮೋನಿಕಾ ಮೇಡಂ ಕಡೆ ತಿರುಗಿದರು. "ಮೇಡಂ, ಇವಳು ಕಲಿಯೋದು ಇನ್ನೂ ಏನೇನಿದೆ?"

"ಗುಡ್ಡದ ಮೇಲಿನ ಗಾಳಿ ಇದೆ. ಎಂಜಿನ್ ಇಲ್ಲದ ಗ್ಲೈಡರ್ ಇದೆ. ಆಮೇಲೆ ತಲೆಕೆಳಗಾಗಿ ಹಾರೋದು..."

"ಎಂಜಿನ್ನೇ ಇಲ್ದೇನಾ?" ಸಾಬರು ಗೋಡೆ ಹಿಡಿದುಕೊಂಡರು. "ಒಂದೊಂದೇ ಹೇಳಿ ಮೇಡಂ, ಕೂತ್ಕೊಂಡು ಕೇಳ್ತೀನಿ." ಕೂತರು. ತುಂಬ ಹೊತ್ತು ಆ ಬಿಳಿ ಹಾಳೆಯನ್ನು ನೋಡಿದರು. ಆಮೇಲೆ ಅದನ್ನು ನನ್ನ ಮುಂದೆ ತಳ್ಳಿ ಮೆಲ್ಲಗೆ ಹೇಳಿದರು.

"ನಾನು ಬೇಡ ಅಂದ್ರೆ ಬಿಟ್ಟೇ ಬಿಡ್ತಾಳೆ ಮಹಾಲಿಂಗಯ್ನೋರೆ. ಅಂಥೋಳು. ಅದಕ್ಕೇ ನಂಗೆ ಹೇಳೋಕಾಗಲ್ಲ. ನನ್ನ ಮುಚ್ಚಳಿಕೆನೇ ಬರೀರಿ."

ಬರೆದೆ. 'ತುಮಕೂರು ವಾಸಿ ಸರ್ದಾರ್ ಪಾಷಾ ಆದ ನಾನು ಸ್ವಇಚ್ಛೆಯಿಂದ ಬರೆದುಕೊಡುವ ಮುಚ್ಚಳಿಕೆ ಏನೆಂದರೆ, ಇನ್ನು ಮುಂದೆ ಸದರಿ ಮೈದಾನದ ಬೇಲಿಯ ಒಳಗೆ ಹಾಸಿಗೆಯೊಂದಿಗಾಗಲಿ ಹಾಸಿಗೆಯಿಲ್ಲದೆಯಾಗಲಿ ಪ್ರವೇಶಿಸುವುದಿಲ್ಲ.' ಸಾಬರು ಸಹಿ ಮಾಡಿದರು. ಐಮನ್ ಬಂದು ಅಪ್ಪನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಗಟ್ಟಿಯಾಗಿ ಅತ್ತಳು. ಹಜರಾ ಬೀ ಇಬ್ಬರನ್ನೂ ಬೈದರು. ನಾನು ಸಾಕ್ಷಿಯಾಗಿ ಸಹಿ ಹಾಕಿದೆ, ಕಣ್ಣು ಮಂಜಾಗಿ ಅಕ್ಷರ ಸ್ವಲ್ಪ ಸೊಟ್ಟಗಾಯಿತು.

ಮುಂದಿನ ಶನಿವಾರ ಬೆಳಿಗ್ಗೆ ಸಾಬರು ಅಂಗಡಿ ಮುಚ್ಚಿ, "ಬನ್ನಿ ಮಹಾಲಿಂಗಯ್ನೋರೆ, ಗುಬ್ಬಿ ಕಡೆ ಸ್ವಲ್ಪ ಕೆಲಸ ಇದೆ," ಎಂದು ನನ್ನನ್ನು ಹೊರಡಿಸಿದರು. ಮೈದಾನದ ಬೇಲಿಗೆ ಒರಗಿದಂತೆ ಹಾಗಲವಾಡಿ ರಸ್ತೆ ಹೋಗುತ್ತದೆ. ಆ ರಸ್ತೆಯ ಪಕ್ಕದಲ್ಲಿ ಮೈಲಿಗಲ್ಲಿನ ಹತ್ತಿರ ಇಬ್ಬರೂ ನಿಂತೆವು. ಮೇಲೆ ವಿಮಾನ ಸುತ್ತು ಹಾಕುತ್ತಿತ್ತು, ಯಾವುದೋ ಹೊಸ ಪಾಠ. ಅದು ಒಂದು ಪಕ್ಕಕ್ಕೆ ವಾಲಿದಾಗಲೆಲ್ಲ ಸಾಬರು, "ಯಾ ಅಲ್ಲಾ!" ಎಂದು ಕೂಗಿ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರು, ನೆಟ್ಟಗಾದಾಗ ಏಳುತ್ತಿದ್ದರು. ರಸ್ತೆಯಲ್ಲಿ ಹೋಗುವ ಬಸ್ಸಿನವರು ನಿಧಾನ ಮಾಡಿ ನೋಡಿಕೊಂಡು ಹೋಗುತ್ತಿದ್ದರು.

ಕೂಗು ಕೇಳಿ ಲಕ್ಷ್ಮೀನರಸಿಂಹಯ್ಯನವರು ಏದುಸಿರು ಬಿಡುತ್ತ ಬೇಲಿಯವರೆಗೆ ಓಡಿ ಬಂದರು. "ಏನ್ರೀ ಇದು ಪಾಷಾ ಸಾಬ್ರೆ! ಮುಚ್ಚಳಿಕೆ ಬರ್ಕೊಟ್ಟಿಲ್ವಾ ನೀವು?"

ಸಾಬರು ತಲೆಯ ಮೇಲಿನ ಕೈ ತೆಗೆಯದೆ, ಕಣ್ಣು ಆಕಾಶದಿಂದ ಕೀಳದೆ ಹೇಳಿದರು:

"ಒಳಗೆ ಬರಲ್ಲ ಅಂತ ಬರ್ಕೊಟ್ಟಿದೀನಿ ಸಾರ್. ಹೆದ್ರಲ್ಲ ಅಂತ ಎಲ್ಲಿ ಬರ್ಕೊಟ್ಟಿದೀನಿ? ಅದನ್ನ ಇಲ್ಲೇ ಹೊರಗೆ ನಿಂತ್ಕೊಂಡು ಮಾಡ್ತೀನಿ."